ಹಮ್ದಾನ್ ಸ್ಟ್ರೀಟಿನಲ್ಲಿ ದೆವ್ವಗಳಿಗೆ ಪ್ರಾರ್ಥನೆ

ಈ ಪ್ರವಾಸಕ್ಕೆ ನನಗೆ ತಗುಲಿದ ಖರ್ಚು ಒಂದು ದೀಪಾವಳಿ. ಟಿಕೆಟ್ಟು, ವೀಸಾ ಇವನ್ನೆಲ್ಲ ನಾನು ಖರ್ಚು ಅನ್ನುವುದಿಲ್ಲ. ಅವನ್ನು ಯಾರು ಬೇಕಾದರೂ ನಾಲ್ಕು ಏಜೆಂಟರ ಹತ್ತಿರ ಕೇಳಿ ಇಳಿಸಬಹುದು, ನಾನೂ ಇಳಿಸಿದೆ. ಆದರೆ ಹುಬ್ಬಳ್ಳಿಯಲ್ಲಿ ನೈಟಿ, ಬೆಡ್‌ಶೀಟು, ಪರದೆ ಬಟ್ಟೆ ಮಾರುವ ಹೆಂಗಸು ದೀಪಾವಳಿಗೆ ಮುಂಚಿನ ವಾರಗಳಲ್ಲಿ ಅಂಗಡಿ ಬಿಟ್ಟು ಹೋಗುವುದೆಂದರೆ, ಮದುವೆ ಮನೆಯ ಅಡುಗೆಯವನು ಪಂಕ್ತಿ ಕೂತ ಹೊತ್ತಿಗೆ ಎದ್ದು ಹೋದ ಹಾಗೆ. ಗಂಟು ಹೊತ್ತು ಮನೆ ಮನೆ ತಿರುಗಿ ಮಾರಿದ ಕಾಲದಿಂದಲೂ ನಾನು ಆ ಸೀಸನ್ ತಪ್ಪಿಸಿದವಳಲ್ಲ. ಈ ಸಲ ನಾದಿನಿಯ ಕೈಗೆ ಬೀಗದ ಕೈ ಕೊಟ್ಟು, ಒಂದು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಖಡಕ್ ರೊಟ್ಟಿ, ಎರಡು ಶಾಲು ತುಂಬಿಕೊಂಡು ವಿಮಾನ ಹತ್ತಿದೆ.

ಕಾರಣ ಫ್ಲೇವಿಯಾಳ ಫೋನು. ಫ್ಲೇವಿಯಾ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಆಮೇಲೆ ಅಬುಧಾಬಿಯ ಆಸ್ಪತ್ರೆಯೊಂದಕ್ಕೆ ಸೇರಿದಳು, ಹೋಟೆಲಿನಲ್ಲಿ ಕೆಲಸಕ್ಕಿದ್ದ ವಲೇರಿಯನ್‌ನನ್ನು ಮದುವೆಯಾದಳು, ಜೆನಿಶಾ ಹುಟ್ಟಿದಳು. ಹಿಂದಿನ ವರ್ಷ ನವೆಂಬರಿನಲ್ಲಿ ವಲೇರಿಯನ್ ಹೃದಯಾಘಾತದಿಂದ ತೀರಿಕೊಂಡ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವಳು ಫೋನಿನಲ್ಲಿ ಹೇಳಿದಳು.

"ಜೆನಿ ಒಂದು ವರ್ಷದಿಂದ ಅವರ ಹೆಸರು ಬಾಯಲ್ಲಿ ತೆಗಿಲಿಲ್ಲ ಅಕ್ಕ. ಬರುವ ತಿಂಗಳು ವರ್ಷದ ಪೂಜೆ ಉಂಟು, ಇಗರ್ಜಿಯಲ್ಲಿ, ನಮ್ಮ ಚರ್ಚಿನಲ್ಲಿ, ಅವರ ಹೆಸರು ಓದ್ತಾರೆ. ಬರುದಿಲ್ಲ ಅಂತ ಹೇಳಿದ್ದಾಳೆ. ದಿನಾ ಸಂಜೆ ಬಾಗಿಲು ಹಾಕಿ ದೆವ್ವದ ಸಿನಿಮಾ ನೋಡುದು. ನನ್ನ ಮಾತು ಕೇಳುದಿಲ್ಲ. ನೀವು ಹೇಳಿದ್ರೆ ಕೇಳಿಯಾಳೇನೋ."

ಹದಿನೈದರ ಹುಡುಗಿ ಯಾರ ಮಾತೂ ಕೇಳುವುದಿಲ್ಲ ಅನ್ನುವುದು ನನಗೆ ಗೊತ್ತು. ಕೇಳದ ಗಿರಾಕಿಗೆ ಮಾರಿಯೇ ನಾನು ಮನೆ ಕಟ್ಟಿಸಿದ್ದು ಅನ್ನುವುದೂ ಗೊತ್ತು. ಹೊರಟೆ.

ದುಬೈ: ಇಳಿದ ದಿನ

ದುಬೈ ವಿಮಾನ ನಿಲ್ದಾಣದಲ್ಲಿ ನಾನು ಮೊದಲು ಕಂಡದ್ದು ಕುಂಬಳಕಾಯಿ. ಕಾಫಿ ಅಂಗಡಿಯ ಗಾಜಿನ ಮೇಲೆ ಕಣ್ಣು ಮೂಗು ಕೊರೆದ ಕಿತ್ತಳೆ ಬಣ್ಣದ ಕಾಗದದ ಕುಂಬಳಕಾಯಿಗಳನ್ನು ಅಂಟಿಸಿದ್ದರು. ನಮ್ಮಲ್ಲಿ ಹೊಸ ಲಾರಿಗೆ, ಹೊಸ ಮನೆಗೆ ಕುಂಬಳಕಾಯಿ ಒಡೆದು ಕುಂಕುಮ ಬಳಿದು ದೃಷ್ಟಿ ತೆಗೆಯುತ್ತೇವಲ್ಲ, ಅದರ ಸಂಬಂಧಿಕರಂತೆಯೇ ಇದ್ದವು. ಇದು ಹ್ಯಾಲೋವೀನ್ ಎಂಬ ಹಬ್ಬದ ಗುರುತು. ಅಕ್ಟೋಬರ್ ಕೊನೆಯ ದಿನ ಮಕ್ಕಳು ದೆವ್ವದ ವೇಷ ಹಾಕಿ ಮನೆ ಮನೆ ಬಾಗಿಲು ತಟ್ಟಿ ಮಿಠಾಯಿ ಕೇಳುತ್ತಾರೆ. ಅದಕ್ಕೆ ಮುನ್ನ ತಿಂಗಳಿಡೀ ದೆವ್ವದ ಸಿನಿಮಾ ನೋಡುವುದು ಕೆಲವರ ಪದ್ಧತಿ. ಅಮೆರಿಕದವರ ಹಬ್ಬ, ಅರಬರ ನೆಲದಲ್ಲಿ, ಕೇರಳದ ಹುಡುಗ ಮಾರುವ ಕಾಫಿಯ ಅಂಗಡಿಯಲ್ಲಿ. ಈ ಊರು ಹೀಗೆಯೇ ಎಂದು ಇಳಿದ ಅರ್ಧ ಗಂಟೆಯಲ್ಲಿ ತಿಳಿದುಕೊಂಡೆ, ಆಮೇಲೆ ಆಶ್ಚರ್ಯಪಡುವುದನ್ನು ನಿಲ್ಲಿಸಿದೆ.

ಕಾಫಿಯ ಬೆಲೆ ಕೇಳಿ ಅಭ್ಯಾಸಬಲದಿಂದ "ಎಷ್ಟಕ್ಕೆ ಕೊಡ್ತೀಯಪ್ಪ?" ಅಂದೆ. ಹುಡುಗ ನಕ್ಕು, ಅರೆಬರೆ ಕನ್ನಡದಲ್ಲಿ, "ಮಾಡಂ, ಇದು ಕಂಪ್ಯೂಟರ್ ರೇಟು, ಕಂಪ್ಯೂಟರ್ ಹತ್ರ ಮಾತಾಡಿ," ಅಂದ. ಒಂದು ಸಲ ಸೋತೆ. ಊರಿಗೆ ಹೊಸಬಳು, ಬಿಟ್ಟುಕೊಟ್ಟೆ.

ಅಬುಧಾಬಿಗೆ ಬಸ್ಸು. ದಾರಿಯುದ್ದಕ್ಕೂ ಎರಡೂ ಕಡೆ ನೆಟ್ಟ ಮರಗಳು, ಅವುಗಳ ಬುಡಕ್ಕೆ ನೀರಿನ ಪೈಪು. ಪಕ್ಕದಲ್ಲಿ ಕೂತ ಫಿಲಿಪೈನ್ಸ್ ಹೆಂಗಸು ತನ್ನ ಟಿಫಿನ್ ಡಬ್ಬಿಯಿಂದ ಬಾಳೆಹಣ್ಣಿನ ಕರಿದ ತಿಂಡಿ ಕೊಟ್ಟಳು. ನಾನು ಚಟ್ನಿಪುಡಿ ಸವರಿದ ರೊಟ್ಟಿಯ ಚೂರು ಕೊಟ್ಟೆ. ಅವಳ ಕಣ್ಣಲ್ಲಿ ನೀರು ಬಂತು. ಖಾರಕ್ಕೆ. ಆದರೂ ಇನ್ನೊಂದು ಚೂರು ಕೇಳಿದಳು.

ಹಮ್ದಾನ್ ಸ್ಟ್ರೀಟ್: ಒಪ್ಪಂದ

ಫ್ಲೇವಿಯಾಳ ಮನೆ ಹಮ್ದಾನ್ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡದಲ್ಲಿ. ಕೆಳಗೆ ದರ್ಜಿ, ಕಿರಾಣಿ, ಮೊಬೈಲ್ ರಿಪೇರಿ, ಎದುರಿಗೆ ಮಸೀದಿ. ಗಂಡ ಇದ್ದಾಗ ರೀಮ್ ಐಲ್ಯಾಂಡಿನ ಎತ್ತರದ ಟವರಿನಲ್ಲಿದ್ದರು, ಈಗ ಒಬ್ಬರ ಸಂಬಳದಲ್ಲಿ ಇಲ್ಲಿ. ಒಂದು ಮಲಗುವ ಕೋಣೆ, ಒಂದು ಹಾಲ್. ಹಾಲ್‌ನ ಒಂದು ಮೂಲೆಯಲ್ಲಿ ದೊಡ್ಡ ಟಿವಿ, ಇನ್ನೊಂದು ಮೂಲೆಯಲ್ಲಿ ದೇವರ ಪೀಠ. ಎರಡೂ ಎದುರುಬದುರು.

ಆ ಪೀಠದ ಮುಂದೆ ಕೂತಿದ್ದವರು ಸೆವ್ರಿನ್ ಬಾಯಿ, ವಲೇರಿಯನ್‌ನ ತಾಯಿ. ಮಗ ತೀರಿಕೊಂಡ ಮೇಲೆ ಸೊಸೆ ಮೊಮ್ಮಗಳ ಜೊತೆ ಇರಲು ಬಂದಿದ್ದರು. ಫ್ಲೇವಿಯಾ ಅವರನ್ನು ಮಾಂಯ್ ಅನ್ನುತ್ತಾಳೆ, ನಾನೂ ಹಾಗೆಯೇ ಕರೆದೆ. ಬಿಳಿ ಸೀರೆ, ಕೈಯಲ್ಲಿ ಮಣಿಸರ. ಅಕ್ಟೋಬರ್ ಅವರಿಗೆ ಮಣಿಸರದ ತಿಂಗಳು. ದಿನಾ ಸಂಜೆ ಮನೆಯವರೆಲ್ಲ ಕೂತು ತೇರ್ಸ ಹೇಳಬೇಕು. ಅಂದರೆ ಮಣಿ ಎಣಿಸುತ್ತ ಮಾಡುವ ಜಪ. ಅದರ ಕೊನೆಗೆ ಮನೆತನದಲ್ಲಿ ತೀರಿಕೊಂಡವರ ಹೆಸರು ಒಂದೊಂದಾಗಿ ಹೇಳಿ ಅವರ ಆತ್ಮಕ್ಕೆ ಶಾಂತಿ ಕೇಳುತ್ತಾರೆ. ಅಕ್ಟೋಬರ್ ಜೆನಿಶಾಳಿಗೆ ದೆವ್ವದ ತಿಂಗಳು. ಅವಳೂ ಅಪ್ಪನೂ ಪ್ರತಿವರ್ಷ ಒಂದನೇ ತಾರೀಖಿನಿಂದ ಹ್ಯಾಲೋವೀನ್‌ವರೆಗೆ ದಿನಾ ಸಂಜೆ ಒಂದು ಸಿನಿಮಾ ನೋಡುತ್ತಿದ್ದರು. ಈಗ ಅವಳು ಒಬ್ಬಳೇ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅದನ್ನು ನಡೆಸುತ್ತಿದ್ದಳು. ಅತ್ತ ಜಪ, ಇತ್ತ ದೆವ್ವ, ನಡುವೆ ಒಂದು ಮುಚ್ಚಿದ ಬಾಗಿಲು.

"ನಿನ್ನ ಗಂಡ ನೋಡುವಾಗ ನೀನು ಕೂಡ್ತಿದ್ದಿಲ್ಲೇನು?" ಎಂದು ಫ್ಲೇವಿಯಾಳನ್ನು ಕೇಳಿದೆ.

"ನಂಗೆ ಹೆದರಿಕೆ ಅಕ್ಕ. ಆಸ್ಪತ್ರೆಯಲ್ಲಿ ನಿಜವಾಗಿ ಸತ್ತವರನ್ನು ಒರೆಸಿ ಬಟ್ಟೆ ಹಾಕಿ ಕಳಿಸ್ತೇನೆ, ಎಂತ ಆಗುದಿಲ್ಲ. ಟಿವಿಯಲ್ಲಿ ಬಾಗಿಲು ಕಿರ್ ಅಂದ್ರೆ ಆಗುದಿಲ್ಲ."

ನಾನು ಕೋಣೆಯ ಬಾಗಿಲು ತಟ್ಟಿದೆ. ಜೆನಿಶಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ, ಉತ್ತರ ಹುಬ್ಬಳ್ಳಿಯದ್ದು. ವ್ಯಾಪಾರಕ್ಕೆ ಇಷ್ಟು ಸಾಕು.

"ಹಾಲ್‌ನಾಗ ಅಷ್ಟು ದೊಡ್ಡ ಟಿವಿ ಐತಿ, ಈ ಸಣ್ಣ ಫೋನಿನ್ಯಾಗ ಯಾಕ ನೋಡ್ತಿ? ದೆವ್ವ ಹಲ್ಲಿಯಷ್ಟು ಕಾಣತೈತಿ."

"ದೇ ಡೋಂಟ್ ಲೆಟ್ ಮಿ, ಆಂಟಿ. ಗ್ರಾನಿ ಪ್ರೇಸ್ ದೇರ್."

"ಬಿಡಿಸಿಕೊಡ್ತೀನಿ. ಎಲ್ಲಾರೂ ಕೂಡಿ ಸಿನಿಮಾ ನೋಡ್ತೇವಿ, ಅಜ್ಜಿನೂ, ಅಮ್ಮನೂ. ಮುಗಿದ ಮ್ಯಾಲ ನೀ ಅವರ ಜೋಡಿ ಜಪಕ್ಕ ಕೂಡಬೇಕು. ಕೊಟ್ಟು ತಗೊಳ್ಳೋದು, ಅಷ್ಟ."

ಅವಳು ಹೆಡ್‌ಫೋನು ತೆಗೆದಿಟ್ಟು ಹೊರಗೆ ಬಂದಳು. ಅಜ್ಜಿಯ ಎದುರು ನಿಂತು ಹೇಳಿದಳು: "ಓಕೆ. ಬಟ್ ವನ್ ಕಂಡಿಷನ್. ವೆನ್ ಯೂ ಸೇ ದಿ ಡೆಡ್ ಪೀಪಲ್ಸ್ ನೇಮ್ಸ್, ಯೂ ಡೋಂಟ್ ಸೇ ಡ್ಯಾಡಾಸ್. ನಾಟ್ ಈವನ್ ಒನ್ಸ್."

ಸತ್ತವರ ಹೆಸರು ಹೇಳುವಾಗ ಅಪ್ಪನ ಹೆಸರು ಹೇಳಬಾರದು. ನನಗೆ ಅದು ಸಣ್ಣ ಷರತ್ತು ಎನಿಸಿತು. ನಾನು ಆಗಲೇ ತಲೆ ಆಡಿಸಿಬಿಟ್ಟಿದ್ದೆ. ಫ್ಲೇವಿಯಾ ಅಡುಗೆಮನೆಗೆ ಹೋದಳು, ನಲ್ಲಿ ತಿರುಗಿಸಿದ ಸದ್ದು ಬಂತು. ಮಾಂಯ್ ಮಣಿಸರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಆಯ್ತು ಪುತಾ," ಅಂದರು. "ನೀನು ಹೇಳುವ ತನಕ ನಾನು ಹೇಳುದಿಲ್ಲ."

ಹಮ್ದಾನ್ ಸ್ಟ್ರೀಟ್: ಸಿನಿಮಾ ಶುರು

ಮರುದಿನದಿಂದ ನಮ್ಮ ಮನೆ ಥಿಯೇಟರಾಯಿತು. ಫ್ಲೇವಿಯಾ ಡ್ಯೂಟಿಯಿಂದ ಬಂದು ಸ್ನಾನ ಮಾಡಿದ ಕೂಡಲೇ ಕಿಟಕಿಯ ಪರದೆ ಎಳೆಯುವುದು. ಪರದೆ ತೀರಾ ತೆಳು, ಬೆಳಕು ತಡೆಯುತ್ತಿರಲಿಲ್ಲ. ನಾನು ಮೊದಲ ದಿನವೇ ಅದರ ಹಿಂದೆ ಒಂದು ಬೆಡ್‌ಶೀಟನ್ನು ಪಿನ್ ಹಾಕಿ ಸರಿ ಮಾಡಿದೆ. ಎದುರಿನ ಮಸೀದಿಯಲ್ಲಿ ಸಂಜೆಯ ಆಜಾನ್ ಶುರುವಾದಾಗ ಜೆನಿಶಾ ಸಿನಿಮಾ ನಿಲ್ಲಿಸುತ್ತಾಳೆ. ಟಿವಿಯಲ್ಲಿ ದೆವ್ವವೂ ಕೈ ಎತ್ತಿ ಹಾಗೆಯೇ ನಿಲ್ಲುತ್ತದೆ. ಆಜಾನ್ ಮುಗಿದ ಮೇಲೆ ಅದು ಬಿಟ್ಟ ಕೆಲಸ ಮುಂದುವರಿಸುತ್ತದೆ. ಆ ಮನೆಯಲ್ಲಿ ಇದು ಯಾರಿಗೂ ವಿಶೇಷವಲ್ಲ.

ಮೊದಲ ಸಿನಿಮಾದಲ್ಲಿ ಹಳೆಯ ಹೋಟೆಲು, ಅದರಲ್ಲಿ ಮದುವೆಯ ಉಡುಪಿನಲ್ಲಿ ಅಲೆಯುವ ಹೆಂಗಸು. ಫ್ಲೇವಿಯಾ ದಿಂಬಿನ ಹಿಂದೆ. ನಾನು ಧೈರ್ಯವಾಗಿಯೇ ಇದ್ದೆ, ಕಾಲು ಮಾತ್ರ ಸೋಫಾದ ಮೇಲೆ ಮಡಚಿಕೊಂಡಿದ್ದೆ, ತಂಪಿಗೆ. ಮಾಂಯ್ ಒಬ್ಬರೇ ನೆಟ್ಟಗೆ ಕೂತು, ಮದುವೆ ಮನೆಯಲ್ಲಿ ಗೊತ್ತಿಲ್ಲದ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದರು.

"ಇವಳಿಗೆ ಮನೆಯವರು ಯಾರೂ ಇಲ್ವಾ?" ಎಂದು ಕೇಳಿದರು.

"ಶೀ ಈಸ್ ಎ ಗೋಸ್ಟ್, ಗ್ರಾನಿ."

"ಅದು ಗೊತ್ತುಂಟು. ಒಂದು ಪೂಜೆ ಇಡಿಸುವವರು ಇಲ್ಲದೆ ಹೀಗೆ ತಿರುಗುದು ಅಲ್ವಾ ಪಾಪ. ಹೆಸರು ಎಂತ ಅವಳದ್ದು?"

"ಮಾರ್ಗರೆಟ್."

ಸಿನಿಮಾ ಮುಗಿಯಿತು, ದೀಪ ಹಚ್ಚಿದರು, ಜಪ ಶುರುವಾಯಿತು. ಜೆನಿಶಾ ಒಪ್ಪಂದದಂತೆ ಕೂತಿದ್ದಳು, ಮುಖ ಮಾತ್ರ ಗೋಡೆಯ ಕಡೆ. ನನಗೆ ಕೊಂಕಣಿ ಬಾರದು. ಹೆಸರುಗಳು ಬಂದಾಗ ಮಾತ್ರ ತಿಳಿಯುತ್ತಿತ್ತು. ಮಾಂಯ್ ತಮ್ಮ ಗಂಡನ ಹೆಸರು ಹೇಳಿದರು, ಅತ್ತೆಯ ಹೆಸರು, ಅಣ್ಣನ ಹೆಸರು. ಒಂದು ಹೆಸರಿನಷ್ಟು ಜಾಗ ಬಿಟ್ಟರು. ಆಮೇಲೆ ಅದೇ ದನಿಯಲ್ಲಿ, "ಮಾರ್ಗರೆಟ್," ಅಂದರು.

ಜೆನಿಶಾ ತಿರುಗಿ ನೋಡಿದಳು. "ಗ್ರಾನಿ. ಶೀ ಈಸ್ ನಾಟ್ ರಿಯಲ್."

"ಅಷ್ಟು ಹೊತ್ತು ಅತ್ತದ್ದು ನೋಡಿದೆ ನಾನು. ಒಂದು ಪ್ರಾರ್ಥನೆ ಹೇಳಿದರೆ ನಿನ್ನ ಗಂಟು ಎಂತ ಹೋಗ್ತದೆ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಫ್ಲೇವಿಯಾ ಮಗಳು ನಗುವುದನ್ನು ನೋಡುತ್ತ ಮುಂದಿನ ಮಣಿ ಹಿಡಿಯುವುದನ್ನೇ ಮರೆತಳು.

ಆಮೇಲೆ ಇದು ನಿಯಮವಾಯಿತು. ಸಿನಿಮಾದ ದೆವ್ವದ ಹೆಸರನ್ನು ಮಾಂಯ್ ಕೇಳುವುದು, ಜೆನಿಶಾ ಹೇಳುವುದು, ಜಪದ ಕೊನೆಗೆ ಆ ಹೆಸರು ಮನೆತನದವರ ಸಾಲಿಗೆ ಸೇರುವುದು. ಮಾಂಯ್ ಎಲ್ಲರನ್ನೂ ಸೇರಿಸುತ್ತಿರಲಿಲ್ಲ. ಸೈತಾನ ಮೈಮೇಲೆ ಬರುವ ಸಿನಿಮಾ ನೋಡಿ, "ಇವನಿಗೆ ಒಂದು ಪ್ರಾರ್ಥನೆಯೂ ಇಲ್ಲ," ಅಂದರು. ಕೊಲೆ ಮಾಡುವ ಗೊಂಬೆಯ ಬಗ್ಗೆ ಜೆನಿಶಾ ಬೇಕೆಂದೇ ಕೇಳಿದಾಗ, "ಗೊಂಬೆಗೆ ಬಾಪ್ತಿಸ್ಮ ಆಗಿದೆಯಾ?" ಎಂದು ಮರುಪ್ರಶ್ನೆ ಹಾಕಿದರು. ಊರಿಗೆ ಊರೇ ಹೆಣವಾಗಿ ಎದ್ದು ಓಡಾಡುವ ಸಿನಿಮಾದ ದಿನ ಮಾತ್ರ ಕಷ್ಟವಾಯಿತು. "ಇವರನ್ನೆಲ್ಲ ಒಟ್ಟಿಗೆ ಹೇಳುವಾ. ಇಲ್ಲದಿದ್ರೆ ಅನ್ನ ತಣ್ಣಗಾಗ್ತದೆ."

ಜಪ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ "ಬೆಸಾಂವ್" ಕೇಳುತ್ತಾರೆ, ಆಶೀರ್ವಾದ ಎಂದರ್ಥ. ಫ್ಲೇವಿಯಾ ಅತ್ತೆಯ ಹತ್ತಿರ ಕೇಳುತ್ತಿದ್ದಳು. ನಾನೂ ಕೇಳಿದೆ, ಪುಕ್ಕಟೆ ಸಿಗುವುದನ್ನು ಬಿಡುವವಳಲ್ಲ. ಜೆನಿಶಾ ಎದ್ದು ಕೋಣೆಗೆ ಹೋಗುತ್ತಿದ್ದಳು; ಅದು ಒಪ್ಪಂದದಲ್ಲಿ ಇರಲಿಲ್ಲ. ಮತ್ತು ಪ್ರತಿದಿನ ಆ ಒಂದು ಹೆಸರಿನ ಜಾಗ ಹಾಗೆಯೇ ಖಾಲಿ ಇರುತ್ತಿತ್ತು. ಹೆತ್ತ ತಾಯಿ, ಎದುರಿಗೆ ಮಗನ ಫೋಟೋ, ಬಾಯಲ್ಲಿ ಊರಿನ ಎಲ್ಲ ದೆವ್ವಗಳ ಹೆಸರು, ಮಗನದು ಇಲ್ಲ. ನಾನು ಕುದುರಿಸಿದ ವ್ಯಾಪಾರದಲ್ಲಿ ಯಾರು ಎಷ್ಟು ಕೊಟ್ಟರು ಎನ್ನುವುದು ನನಗೆ ಅಲ್ಲಿ ಕೂತು ಕೂತು ತಿಳಿಯಿತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮಾಂಯ್ ಮೀನಿಗೆ ಮಸಾಲೆ ಅರೆಯುತ್ತಿದ್ದಾಗ ಹೇಳಿದೆ: "ಆ ಷರತ್ತು ನಾನು ಒಪ್ಪಬಾರದಿತ್ತು ಮಾಂಯ್. ಮತ್ತ ಮಾತಾಡ್ಲೇನು ಹುಡುಗಿ ಜೋಡಿ?"

"ಬೇಡ ಬಾಯೆ. ಅವಳು ದಿನಾ ಬಂದು ಕೂರ್ತಾಳಲ್ಲ. ಕೂರುದು ಮುಖ್ಯ."

"ಪೂಜೆಗೆ ಬರದಿದ್ದರ?"

ಮಾಂಯ್ ಮತ್ತೆ ಮಿಕ್ಸಿ ಹಾಕಿದರು.

ದುಬೈ: ದೇರಾ ಮತ್ತು ಥಿಯೇಟರು

ಒಂದು ಶನಿವಾರ ಜೆನಿಶಾಳೂ ನಾನೂ ದುಬೈಗೆ ಹೋದೆವು. ಅವಳಿಗೆ ಹ್ಯಾಲೋವೀನ್‌ಗೆ ವೇಷ ಬೇಕಿತ್ತು, ನನಗೆ ಒಂದು ಸರಿಯಾದ ಚೌಕಾಸಿ ಬೇಕಿತ್ತು. ಅಲ್ಲಿನ ಹಳೆಯ ಪೇಟೆ ದೇರಾದ ಗಲ್ಲಿಗಳಲ್ಲಿ ಹೋಲ್‌ಸೇಲ್ ಅಂಗಡಿಗಳ ಸಾಲು. ಒಂದರಲ್ಲಿ ಮುಖವಾಡ, ಪ್ಲಾಸ್ಟಿಕ್ ಜೇಡ, ಎಲುಬಿನ ಚಿತ್ರದ ಅಂಗಿ ತೂಗುಹಾಕಿದ್ದರು. ಗಲ್ಲಾದಲ್ಲಿದ್ದವರು ಫೋನಿನಲ್ಲಿ ಭಟ್ಕಳದ ನವಾಯತಿ ಮಾತಾಡುತ್ತಿದ್ದರು. ನಡುವೆ ಎರಡು ಕನ್ನಡ ಶಬ್ದ ಬಿದ್ದವು. ಅಷ್ಟು ಸಾಕಾಯಿತು.

"ಭಟ್ಕಳದೋರೇನ್ರಿ? ನಾವು ಹುಬ್ಬಳ್ಳಿ."

"ಹೌದಾ ಅಕ್ಕ, ಬನ್ನಿ ಬನ್ನಿ. ಹುಬ್ಬಳ್ಳಿಯವರು ಅಂದ್ರೆ ನನಗೆ ಹೆದರಿಕೆ."

"ಅಂಗಡಿ ತುಂಬ ದೆವ್ವ ಇಟ್ಕೊಂಡು ನಮಗ ಹೆದರ್ತೀರಾ?"

"ದೆವ್ವ ರೇಟು ಕೇಳುದಿಲ್ಲ ಅಕ್ಕ."

ಮುಂದಿನ ಕಾಲು ಗಂಟೆ ನಾನು ತವರಿಗೆ ಹೋದ ಹಾಗಿತ್ತು. ಅವರು ಚಹಾ ತರಿಸಿದರು, ನಾನು ಮುಖವಾಡದ ಹೊಲಿಗೆ ಬಿಚ್ಚಿ ತೋರಿಸಿದೆ. ಅವರು ಮಾಲು ಒಳ್ಳೆಯದೆಂದರು, ನಾನು ಹಬ್ಬ ಮುಗಿದ ಮರುದಿನ ಇದನ್ನು ಯಾರು ಒಯ್ಯುತ್ತಾರೆ ಎಂದು ಕೇಳಿದೆ. ಅವರು ಎದೆ ಮುಟ್ಟಿಕೊಂಡರು, ನಾನು ಬಾಗಿಲ ತನಕ ಹೋದೆ. "ಖಲಾಸ್ ಅಕ್ಕ, ನೀವು ಹೇಳಿದ್ದೇ ರೇಟು," ಅಂದರು. ಜೆನಿಶಾ ನಾಚಿಕೆಯಿಂದ ರಸ್ತೆಯಲ್ಲಿ ನಿಂತಿದ್ದಳು. ಚೀಲ ಕೈಗೆ ಬಂದ ಮೇಲೆ ಮಾತ್ರ, "ದಟ್ ವಾಸ್ ಸ್ಕೇರಿಯರ್ ದ್ಯಾನ್ ದ ಮೂವೀಸ್," ಅಂದಳು. ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಮಧ್ಯಾಹ್ನ ಮಾಲ್ ಒಂದರಲ್ಲಿ ಹೊಸ ದೆವ್ವದ ಸಿನಿಮಾ. ಹುಬ್ಬಳ್ಳಿಯಲ್ಲಿ ದೆವ್ವ ಬಂದರೆ ಹಿಂದಿನ ಸಾಲಿನವರು ಶಿಳ್ಳೆ ಹೊಡೆಯುತ್ತಾರೆ, ಯಾರಾದರೂ "ಏ ಬಾಗಲಾ ತೆಗೀಬ್ಯಾಡ" ಎಂದು ನಾಯಕಿಗೆ ಬುದ್ಧಿ ಹೇಳುತ್ತಾರೆ. ಹೀಗಾಗಿ ಹೆದರಿಕೆ ಎಲ್ಲರಿಗೂ ಹಂಚಿಹೋಗುತ್ತದೆ. ಇಲ್ಲಿ ಮೌನ. ತಂಪು ಬೇರೆ ಹೆಣದ ಪೆಟ್ಟಿಗೆಯಂಥದ್ದು. ಶಾಲು ಇದ್ದದ್ದಕ್ಕೆ ಬದುಕಿದೆ. ನನ್ನ ಪಕ್ಕದಲ್ಲಿ ಅಬಾಯಾ ತೊಟ್ಟ ಅರಬ್ ಅಜ್ಜಿಯೊಬ್ಬರು ಮೊಮ್ಮಕ್ಕಳ ಜೊತೆ ಬಂದಿದ್ದರು. ಪರದೆಯ ಮೇಲೆ ಕನ್ನಡಿಯಿಂದ ಕೈ ಹೊರಬಂದಾಗ ಅವರು ನನ್ನ ಮುಂಗೈ ಹಿಡಿದರು. ನಾನು ಅವರದ್ದು ಹಿಡಿದೆ. ಪರಿಚಯವಿಲ್ಲದ ಇಬ್ಬರು ಮುದುಕಿಯರು ಸಿನಿಮಾ ಮುಗಿಯುವ ತನಕ ಹಾಗೆಯೇ ಕೂತಿದ್ದೆವು. ನಾನು ನಡುಗುವುದನ್ನು ನೋಡಿ ಆಕೆ ನನ್ನ ಕಿವಿಯಲ್ಲಿ, "ಖಲಾಸ್, ಖಲಾಸ್," ಅಂದರು. ನಮ್ಮ ಕಡೆ ಖಲಾಸ್ ಅಂದರೆ ಆಸಾಮಿ ಸತ್ತ ಎಂದು. ನಾಯಕಿ ಸಾಯುತ್ತಾಳೆಂದು ಈಕೆ ಮೊದಲೇ ನೋಡಿಬಂದು ಹೇಳುತ್ತಿದ್ದಾರೆಂದು ನನಗೆ ಸಿಟ್ಟು ಬಂತು. ನಾಯಕಿ ಬದುಕಿದಳು. ಹೊರಗೆ ಬಂದ ಮೇಲೆ ಜೆನಿಶಾ ಬಿಡಿಸಿ ಹೇಳಿದಳು: ಮುಗಿಯಿತು, ಇನ್ನು ಹೆದರಬೇಡ, ಎಂದಂತೆ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ನೋಡುತ್ತ ಕೇಳಿದಳು: "ಆಂಟಿ, ಡು ಯೂ ಥಿಂಕ್ ಇಟ್ ಡಸ್ ಎನಿಥಿಂಗ್? ಗ್ರಾನಿ ಸೇಯಿಂಗ್ ದ ನೇಮ್ಸ್?"

"ನನಗ ಗೊತ್ತಿಲ್ಲವ್ವಾ. ನಮ್ಮನ್ಯಾಗ ಅಮಾಸಿಗೆ ಹಿರೇರಿಗೆ ಎಡೆ ಇಡ್ತೇವಿ. ಅವರು ಬಂದು ಉಂಡದ್ದು ನಾ ನೋಡಿಲ್ಲ. ಎಡೆ ಇಡದಿದ್ದರ ನಮಗ ಊಟ ಸೇರಂಗಿಲ್ಲ, ಅಷ್ಟ ಗೊತ್ತು."

"ಇಫ್ ಶೀ ಸೇಸ್ ಹಿಸ್ ನೇಮ್," ಅಂದು ಅವಳು ನಿಲ್ಲಿಸಿದಳು. "ದೆನ್ ಹೀ ಈಸ್ ವಿತ್ ದೆಮ್. ರೈಟ್?"

ಹೆಸರು ಹೇಳಿದರೆ ಅಪ್ಪ ಸತ್ತವರ ಸಾಲಿಗೆ ಸೇರುತ್ತಾನೆ. ಹೇಳದಿದ್ದರೆ ಇನ್ನೂ ಸೇರಿಲ್ಲ. ವ್ಯಾಪಾರದಲ್ಲಿ ನನ್ನ ಬಾಯಿ ಕಟ್ಟಿಸಿದವರು ಕಡಿಮೆ. ಆ ಬಸ್ಸಿನಲ್ಲಿ ನಾನು ಚೀಲದಿಂದ ಶಾಲು ತೆಗೆದು ಅವಳ ಕಾಲಿಗೆ ಹೊದಿಸಿದೆ.

ರೀಮ್ ಐಲ್ಯಾಂಡ್: ಹ್ಯಾಲೋವೀನ್ ಸಂಜೆ

ಜೆನಿಶಾಳ ಹಳೆಯ ಗೆಳತಿಯರು ರೀಮ್ ಐಲ್ಯಾಂಡಿನ ಟವರಿನಲ್ಲಿದ್ದಾರೆ. ಅಲ್ಲಿ ಮಿಠಾಯಿ ಕೊಡಲು ಒಪ್ಪಿದ ಮನೆಗಳ ಬಾಗಿಲಿಗೆ ಮಾತ್ರ ಕುಂಬಳಕಾಯಿಯ ಚಿತ್ರ ಅಂಟಿಸುತ್ತಾರೆ. ಮಕ್ಕಳು ಬೇರೆ ಬಾಗಿಲು ತಟ್ಟುವ ಹಾಗಿಲ್ಲ. ನನಗೆ ಈ ಏರ್ಪಾಡು ಹಿಡಿಸಿತು. ಹುಬ್ಬಳ್ಳಿಯಲ್ಲಿ ಚಂದಾ ಕೇಳುವವರಿಗೂ ಇದನ್ನು ಜಾರಿಗೆ ತರಬೇಕು.

ಮೂವರು ಹೆಂಗಸರೂ ಜೊತೆಗೆ ಹೋದೆವು. ಸಮುದ್ರದ ಗಾಳಿ ಜೋರು. ಮಾಂಯ್ ಅವರ ತುರುಬು ಬಿಚ್ಚಿಹೋಗಿ ಬೆಳ್ಳಿ ಕೂದಲು ಸೊಂಟದ ತನಕ ಇಳಿಯಿತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲಿ ಮಣಿಸರ. ಲಿಫ್ಟಿನ ಬಾಗಿಲು ತೆರೆದಾಗ ಹೊರಗೆ ನಿಂತಿದ್ದ ನಮ್ಮ ದೇಶದ ಆರೇಳು ಮಕ್ಕಳು ಒಮ್ಮೆಲೇ ಕಿರುಚಿ ಹಿಂದೆ ಸರಿದರು. ರಕ್ತ ಬಳಿದುಕೊಂಡ ಬ್ಯಾಟ್‌ಮ್ಯಾನನೊಬ್ಬ ಅತ್ತೇಬಿಟ್ಟ. ಬಾಗಿಲ ಬಳಿಯ ನೇಪಾಳಿ ಸೆಕ್ಯುರಿಟಿ, "ಬೆಸ್ಟ್ ಕಾಸ್ಟ್ಯೂಮ್, ಮಾತಾಜಿ," ಎಂದು ಅವರ ಕೈಗೆ ಎರಡು ಚಾಕಲೇಟು ಹಾಕಿದ.

"ಎಂತಕ್ಕೆ ಕೊಟ್ಟದ್ದು ಇವನು?" ಎಂದು ಮಾಂಯ್ ಕೇಳಿದರು.

"ನೀವು ಚಂದ ಕಾಣ್ತೀರಿ ಅಂತ," ಅಂದಳು ಫ್ಲೇವಿಯಾ. ಗೋಡೆಗೆ ಒರಗಿ ನಗುತ್ತಿದ್ದಳು. ನಾನು ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಎಲುಬಿನ ಅಂಗಿ ತೊಟ್ಟ ಜೆನಿಶಾ ಅಮ್ಮನ ಫೋಟೋ ತೆಗೆದಳು.

ಹಮ್ದಾನ್ ಸ್ಟ್ರೀಟ್: ಕೊನೆಯ ಸಿನಿಮಾ

ಬೇಗ ಮನೆಗೆ ಬಂದೆವು. ಕೊನೆಯ ದಿನದ ಸಿನಿಮಾ ಪ್ರತಿವರ್ಷ ಒಂದೇ, ವಲೇರಿಯನ್‌ಗೆ ಇಷ್ಟವಾದದ್ದು: ಹಳೆಯ ಕಪ್ಪು ಬಿಳುಪಿನದು. ಸಮುದ್ರದ ಪಕ್ಕದ ಒಂದು ಮನೆ. ಅಲ್ಲಿ ಹೊಸದಾಗಿ ಬಂದ ಸಂಸಾರ. ಮಹಡಿಯ ಕಿಟಕಿಯಲ್ಲಿ ಕೋಟು ತೊಟ್ಟ ಗಂಡಸೊಬ್ಬ ನಿಲ್ಲುತ್ತಾನೆ. ಯಾರಿಗೂ ಏನೂ ಮಾಡುವುದಿಲ್ಲ. ಗಾಳಿಗೆ ಆರಿದ ದೀಪ ಹಚ್ಚುತ್ತಾನೆ, ತೆರೆದ ಬಾಗಿಲು ಮುಚ್ಚುತ್ತಾನೆ. ಮನೆಯವರು ಹೆದರಿ ಊರು ಬಿಡುತ್ತಾರೆ; ಅವನು ಕಿಟಕಿಯಲ್ಲಿ ನಿಂತು ನೋಡುತ್ತಾನೆ. ಅಷ್ಟೇ ಕಥೆ. ಫ್ಲೇವಿಯಾ ಆ ದಿನ ದಿಂಬು ಹಿಡಿಯಲಿಲ್ಲ.

"ಇದಾ, ಅವರಿಗೆ ಇಷ್ಟ ಇದ್ದದ್ದು?" ಎಂದಳು. "ಇದರಲ್ಲಿ ಹೆದರಿಕೆ ಎಂತ ಉಂಟು? ನಾನೂ ಕೂರಬಹುದಿತ್ತು."

ಮೇಣದ ದೀಪ ಹಚ್ಚಿದರು. ಜಪ ನಡೆಯಿತು. ಕೊನೆಗೆ ಹೆಸರುಗಳು ಬಂದವು. ಗಂಡನದು, ಅತ್ತೆಯದು, ಅಣ್ಣನದು. ಆ ಖಾಲಿ ಜಾಗ. ಆಮೇಲೆ ಮಾಂಯ್ ಎಂದಿನಂತೆ ಮೊಮ್ಮಗಳ ಕಡೆ ತಿರುಗಿದರು.

"ಇವತ್ತಿನವನ ಹೆಸರು ಎಂತ ಪುತಾ? ಆ ಕೋಟಿನವನದ್ದು?"

ಜೆನಿಶಾ ತಲೆ ತಗ್ಗಿಸಿ ಎಲುಬಿನ ಅಂಗಿಯ ತೋಳು ಎಳೆದುಕೊಳ್ಳುತ್ತಿದ್ದಳು. "ಹೀ ಡಸಂಟ್ ಹ್ಯಾವ್ ವನ್. ದೇ ನೆವರ್ ಸೇ."

"ಹೆಸರು ಇಲ್ಲದೆ ಹೇಗೆ ಕೇಳುದು? ದೇವರಿಗೆ ಯಾರು ಅಂತ ಗೊತ್ತಾಗ್ಬೇಡ್ವಾ? ನೀನೇ ಒಂದು ಕೊಡು."

ಆ ಸಿನಿಮಾವನ್ನು ಆ ಹುಡುಗಿ ಎಷ್ಟೋ ವರ್ಷ ನೋಡಿದ್ದಾಳೆ. ಕಿಟಕಿಯವನಿಗೆ ಹೆಸರಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಹೆಸರು ಕೇಳಿಯೇ ಕೇಳುತ್ತಾರೆ ಎನ್ನುವುದೂ ಗೊತ್ತಿತ್ತು. ಬೇರೆ ಸಿನಿಮಾ ಹಾಕಬಹುದಿತ್ತು. ನಾನು ಬದುಕಿಡೀ ಗಿರಾಕಿಗಳನ್ನು ನೋಡಿದವಳು. ಕೊಳ್ಳುವ ಮನಸ್ಸಿಲ್ಲದವರು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

"ವಲೇರಿಯನ್," ಅಂದಳು. ಆಮೇಲೆ ಇನ್ನೊಮ್ಮೆ, ಕೊಂಕಣಿಯವರು ಹೇಳುವ ಹಾಗೆ ಎಳೆದು, "ವಲೇರಿಯನ್ ಅಂತ ಹಾಕಿ ಗ್ರಾನಿ."

ನಾನು ಬಂದ ಮೇಲೆ ಅವಳ ಬಾಯಿಂದ ಕೇಳಿದ ಮೊದಲ ಕನ್ನಡ ಅದು.

ಮಾಂಯ್ ದನಿ ಏರಿಸಲಿಲ್ಲ, ಇಳಿಸಲಿಲ್ಲ. "ವಲೇರಿಯನಾಚ್ಯಾ ಆತ್ಮ್ಯಾ ಖಾತಿರ್," ಎಂದು ಮಾರ್ಗರೆಟಿಗೆ ಹೇಳಿದ ಹಾಗೆಯೇ ಹೇಳಿ ಮುಂದಿನ ಮಣಿ ಹಿಡಿದರು. ಫ್ಲೇವಿಯಾಳ ದನಿ ಸೇರಲಿಲ್ಲ. ಅವಳ ಭಾಗವನ್ನು ಜೆನಿಶಾ ಹೇಳಿದಳು. ಸಾಲುಗಳೆಲ್ಲ ಅವಳಿಗೆ ಬಾಯಿಪಾಠವಿದ್ದವು. ಮುಗಿದ ಮೇಲೆ ಅವಳು ಏಳಲಿಲ್ಲ. ಅಜ್ಜಿಯ ಮುಂದೆ ಕೈಜೋಡಿಸಿ ಬೆಸಾಂವ್ ಕೇಳಿದಳು, ಆಮೇಲೆ ಅಮ್ಮನ ಹತ್ತಿರ, ಕೊನೆಗೆ ನನ್ನ ಹತ್ತಿರ. ನನಗೆ ಅವರ ಮಾತು ಬಾರದು. ತಲೆಯ ಮೇಲೆ ಕೈ ಇಟ್ಟು, "ಚಲೋ ಆಗ್ಲಿ," ಅಂದೆ.

ಊಟಕ್ಕೆ ತಟ್ಟೆ ಇಡುವಾಗ ಅವಳು ಫ್ಲೇವಿಯಾಳನ್ನು ವರ್ಷದ ಪೂಜೆಯ ಹೊತ್ತು ಕೇಳಿದಳು: "ಮಮ್ಮಿ, ವಾಟ್ ಟೈಮ್ ಈಸ್ ದ ಮಾಸ್?"

ಹೋಗುವವರಿಗೆ ನಾಲ್ಕು ಮಾತು

ಪೂಜೆಯ ದಿನ ನಾನು ವಿಮಾನದಲ್ಲಿದ್ದೆ, ಅಂಗಡಿ ಕರೆಯುತ್ತಿತ್ತು. ಇಗರ್ಜಿಯಲ್ಲಿ ಹೆಸರು ಓದಿದಾಗ ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದರಂತೆ. ಫ್ಲೇವಿಯಾ ಫೋನಿನಲ್ಲಿ ಹೇಳಿದಳು.

ನೀವೂ ಆ ಕಡೆ ಹೋಗುವವರಾದರೆ ನನ್ನ ಮಾತು ಕೇಳಿ. ಮಾಲ್‌ಗಳಲ್ಲಿ ಬೆಲೆ ಕೇಳಿ ಬಾಯಿ ನೋಯಿಸಿಕೊಳ್ಳಬೇಡಿ, ದೇರಾಕ್ಕೆ ಹೋಗಿ. ಅಲ್ಲಿ ಚಹಾ ಬರುವ ಮೊದಲು ಬೆಲೆ ಒಪ್ಪಬೇಡಿ. ಹ್ಯಾಲೋವೀನ್ ಸಾಮಾನು ಬೇಕಿದ್ದರೆ ಹಬ್ಬದ ಮರುದಿನ ಕೊಳ್ಳಿ. ನಮ್ಮ ಶಾಲೆಗಳ ಗ್ಯಾದರಿಂಗಿನ ನಾಟಕಕ್ಕೆ ಅದೇ ಎಲುಬಿನ ಅಂಗಿ ನಡೆಯುತ್ತದೆ. ಥಿಯೇಟರಿಗೆ ಶಾಲು ಒಯ್ಯಿರಿ. ಪಕ್ಕದವರು ಖಲಾಸ್ ಅಂದರೆ ಗಾಬರಿಯಾಗಬೇಡಿ. ರೊಟ್ಟಿ ಒಯ್ಯುವುದಾದರೆ ಖಡಕ್ ರೊಟ್ಟಿಯೇ ಒಯ್ಯಿರಿ, ಮೆತ್ತನೆಯದು ಬೂಷ್ಟು ಹಿಡಿಯುತ್ತದೆ.

ನೀವು ಇಳಿಯುವ ಮನೆಯಲ್ಲಿ ಸಾವಾಗಿದ್ದರೆ ಸಮಾಧಾನದ ಮಾತು ಹೊತ್ತುಕೊಂಡು ಹೋಗಬೇಡಿ, ಅಲ್ಲಿ ಅದು ಬೇಕಾದಷ್ಟು ಸ್ಟಾಕಿರುತ್ತದೆ. ಸಂಜೆ ಅವರು ಏನು ನೋಡುತ್ತಾರೋ ಅದನ್ನೇ ಕೂತು ನೋಡಿ, ಹೆದರಿಕೆಯಾದರೆ ಹೆದರಿ. ಏನಾದರೂ ಒಪ್ಪಂದ ಮಾಡಿಸುವ ಮೊದಲು ಯಾರ ಕೈಯಿಂದ ಎಷ್ಟು ಹೋಗುತ್ತದೆ ಎಂದು ಒಂದು ಸಲ ವಿಚಾರಿಸಿ. ಯಾವ ಸಿನಿಮಾ, ಯಾವ ದಿನ ಎನ್ನುವುದನ್ನು ಮಾತ್ರ ನೀವು ಆರಿಸಲು ಹೋಗಬೇಡಿ. ರಿಮೋಟು ಮಗುವಿನ ಕೈಯಲ್ಲೇ ಇರಲಿ.